ಆವತಿಯ ಕಾರಿಗೆ ನಾಲ್ಕನೆಯವರು ಬೇಕಾಗಿರುವ ಬಗ್ಗೆ

ಇಂದ,
ಹರಿಪ್ರಸಾದ್, ಸಹ ಪೈಲಟ್
ಕಾಯಂ ವಿಳಾಸ: ಅರಿಶಿನಕುಂಟೆ, ನೆಲಮಂಗಲ ತಾಲ್ಲೂಕು
ಹಾಲಿ ವಾಸ: ಶ್ರೀಮತಿ ಆದಿಲಕ್ಷ್ಮಮ್ಮನವರ ಮನೆಯ ಮಹಡಿ, ಆವತಿ, ದೇವನಹಳ್ಳಿ ತಾಲ್ಲೂಕು

ಗೆ,
ವ್ಯವಸ್ಥಾಪಕರು, ಸಿಬ್ಬಂದಿ ಸಾರಿಗೆ ವಿಭಾಗ
ನಮ್ಮ ವಿಮಾನ ಕಂಪನಿ, ದೇವನಹಳ್ಳಿ

ವಿಷಯ: ಆವತಿಗೆ ಕಾರು ಕಳಿಸುವುದನ್ನು ನಿಲ್ಲಿಸಬಾರದೆಂದೂ, ಸದರಿ ಕಾರಿನಲ್ಲಿ ಆದಿಲಕ್ಷ್ಮಮ್ಮನವರ ಪ್ರಯಾಣವನ್ನು ಸಕ್ರಮಗೊಳಿಸಬೇಕೆಂದೂ ಕೋರಿ.

ಉಲ್ಲೇಖ:
1. ಪೈಲಟ್‌ಗಳನ್ನು ತಡವಾಗಿ ಕರೆತರುತ್ತಿರುವ ಬಗ್ಗೆ ಚಾಲಕ ಬೈರೇಶ್ ಅವರಿಗೆ ತಾವು ನೀಡಿದ ನೋಟಿಸ್.
2. ಮುಂದಿನ ತಿಂಗಳಿಂದ ಆವತಿಗೆ ಕಾರು ಬರುವುದಿಲ್ಲ, ಎಲ್ಲರೂ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿಗೆ ಬಂದು ಇರತಕ್ಕದ್ದು ಎಂಬ ತಮ್ಮ ಸುತ್ತೋಲೆ.
3. ಆದಿಲಕ್ಷ್ಮಮ್ಮನವರ ಮೌಖಿಕ ಆದೇಶ (ಈಗಲೂ ಜಾರಿಯಲ್ಲಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ 1ರ ತಪ್ಪು ಬೈರೇಶ್ ಅವರದಲ್ಲ. ಅವರು ಹೊತ್ತಿಗೆ ಸರಿಯಾಗಿ ಬಂದು ಗೇಟಿನ ಮುಂದೆ ಹಾರ್ನ್ ಮಾಡುತ್ತಾರೆ. ತಡವಾಗುವುದು ಗೇಟಿನ ಒಳಗೆ. ಅದರ ವಿವರ ಹೀಗಿರುತ್ತದೆ.

1. ಇದೇ ಜಿಲ್ಲೆಯಲ್ಲಿ ಸ್ವಂತ ಮನೆ ಇಟ್ಟುಕೊಂಡು ನಾನು ಬೇರೆಯವರ ಮಹಡಿಯಲ್ಲಿ ಏಕೆ ಮಲಗುತ್ತೇನೆ ಎಂದು ತಾವು ಕೇಳಬಹುದು. ಕಾರಣ, ದಾರಿಯುದ್ದಕ್ಕೂ ಸಾಲುಗಟ್ಟಿ ನಿಲ್ಲುವ ಲಾರಿಗಳು. ಗುವಾಹಟಿಗೆ ಎಷ್ಟು ಹೊತ್ತಿಗೆ ತಲುಪುತ್ತೇನೆಂದು ನೂರಾರು ಜನರಿಗೆ ಮೈಕಿನಲ್ಲಿ ಹೇಳುವ ನಾನು, ನೆಲಮಂಗಲ ಯಾವಾಗ ದಾಟುತ್ತೇನೆಂದು ಹೆಂಡತಿಗೂ ಹೇಳಲಾರೆ. ಆದ್ದರಿಂದ ಕೆಲಸದ ದಿನಗಳಲ್ಲಿ ಆವತಿ, ರಜೆಗೆ ಅರಿಶಿನಕುಂಟೆ. ಕ್ಯಾಪ್ಟನ್ ಚಿನ್ನಸ್ವಾಮಿಯವರ ಸಂಸಾರ ಕೊಯಮತ್ತೂರಿನಲ್ಲಿದೆ. ಅವರು ನನ್ನ ಜೊತೆ ಮಹಡಿಯಲ್ಲಿದ್ದಾರೆ. ಕ್ಯಾಪ್ಟನ್ ಕೀರ್ತನ ಬಳ್ಳಾರಿಯವರು. ಕೆಳಗೆ ಆದಿಲಕ್ಷ್ಮಮ್ಮನವರ ಪಕ್ಕದ ಕೋಣೆಯಲ್ಲಿದ್ದಾರೆ. ಮೂವರ ವಿಮಾನ ಬೇರೆ ಬೇರೆಯಾದರೂ ತಾವು ಕಳಿಸುವ ಕಾರು ಒಂದೇ.

2. ತೊಂದರೆ ಇರುವುದು ಈ 'ಮೂವರು' ಎಂಬಲ್ಲಿ. ಮೂರು ಜನ ಒಟ್ಟಿಗೆ ಮನೆಯಿಂದ ಹೊರಡಬಾರದೆಂಬುದು ತಮಗೂ ತಿಳಿದಿರಬಹುದು. ತಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ನಾವು ಮೊದಲ ದಿನ ಬ್ಯಾಗು ಎಳೆದುಕೊಂಡು ಹೊರಟಾಗ ಆದಿಲಕ್ಷ್ಮಮ್ಮನವರು ಬಾಗಿಲಿಗೆ ಅಡ್ಡ ನಿಂತರು. ಇದೆಲ್ಲ ಹಳೇ ಕಾಲದ ಮಾತು ಎಂದು ನಾನು ನಕ್ಕೆ. ಅವರು ನಗಲಿಲ್ಲ.

"ಬಸ್ಸಲ್ಲಿ ಹೋಗೋರೇ ಮೂರ್ ಜನ ಹೊರಡಲ್ಲ ಕಣಪ್ಪಾ. ನೀವು ಗಾಳೀಲಿ ಹೋಗೋರು."

ಇದಕ್ಕೆ ನಮ್ಮ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿಲ್ಲ.

3. ಚಾಲಕರನ್ನು ಸೇರಿಸಿದರೆ ನಾಲ್ವರಾಗುತ್ತೇವೆಂದು ಅದೇ ದಿನ ಮೇಲ್ಮನವಿ ಸಲ್ಲಿಸಿದೆವು. ಬೈರೇಶ್ ಹೋಗುವವನಲ್ಲ, ಬಿಟ್ಟು ಬರುವವನು ಎಂಬ ಕಾರಣ ನೀಡಿ ಮನವಿಯನ್ನು ಸ್ಥಳದಲ್ಲಿಯೇ ವಜಾ ಮಾಡಲಾಯಿತು.

4. ನಂತರ ಇಬ್ಬರು ಕಾರಿನಲ್ಲಿ ಹೊರಟು, ಒಬ್ಬರು ನಡೆದುಹೋಗಿ ರಸ್ತೆಯ ತಿರುವಿನಲ್ಲಿ ಹತ್ತಿಕೊಳ್ಳುವ ಏರ್ಪಾಡು ಮಾಡಿದೆವು. ಎದುರುಮನೆ ಪಿಳ್ಳಮ್ಮನವರು ಅದನ್ನು ನೋಡಿದ ಕಾರಣ ಈ ಏರ್ಪಾಡು ಬಹಳ ದಿನ ನಡೆಯಲಿಲ್ಲ.

5. ಆಗ ಆದಿಲಕ್ಷ್ಮಮ್ಮನವರೇ ದಾರಿ ತೋರಿಸಿದರು. ಜೇಬಿನಲ್ಲಿ ಒಂದು ಕಲ್ಲು ಇಟ್ಟುಕೊಂಡರೆ ಅದೂ ಒಂದು ಆಳೆಂದು ಲೆಕ್ಕ. ಅದರಂತೆ ಅಂಗಳದ ಒಂದು ಬೆಣಚುಕಲ್ಲನ್ನು ಕ್ಯಾಪ್ಟನ್ ಚಿನ್ನಸ್ವಾಮಿಯವರ ಜೇಬಿಗೆ ಹಾಕಲಾಯಿತು. ಭದ್ರತಾ ತಪಾಸಣೆಯಲ್ಲಿ ಅದು ಹೊರಗೆ ಬಂತು. ಇದು ಏನೆಂದು ಅಲ್ಲಿಯವರು ಕೇಳಿದರು. ಚಿನ್ನಸ್ವಾಮಿಯವರು ಸುಳ್ಳು ಹೇಳುವ ಪೈಕಿ ಅಲ್ಲ. "ಇವರು ನಮ್ಮ ನಾಲ್ಕನೆಯವರು" ಎಂದರು. ಆ ದಿನ ಅವರು ಕುಡಿದಿದ್ದಾರೆಯೇ ಎಂದು ನೋಡಲು ಅವರಿಂದ ಉಸಿರಿನ ಪರೀಕ್ಷೆಯ ಯಂತ್ರಕ್ಕೆ ಎರಡು ಸಲ ಊದಿಸಲಾಯಿತು.

6. ಕಲ್ಲಿನ ಬದಲು ಹಿತ್ತಲಿನ ಚಕೋತ ಹಣ್ಣನ್ನು ಕೂರಿಸಲು ಒಪ್ಪಿಗೆ ಸಿಕ್ಕಿತು. ಹಣ್ಣಿಗೆ ಸೀಟು, ಸೀಟಿಗೆ ಬೆಲ್ಟು, ಎಲ್ಲವೂ ನಿಯಮದಂತೆ. ಬೈರೇಶ್ ಕೂಡ ಹಳ್ಳಗಳನ್ನು ನೋಡಿಕೊಂಡು ಓಡಿಸುತ್ತಿದ್ದರು. ಆದರೆ ಕ್ಯಾಪ್ಟನ್ ಕೀರ್ತನ ಅವರು ತಿಂಡಿ ತಿನ್ನದೆ ಹೊರಟಿದ್ದ ಕಾರಣ ದೇವನಹಳ್ಳಿ ಬರುವಷ್ಟರಲ್ಲಿ ಸದರಿ ಹಣ್ಣನ್ನು ಸುಲಿದರು. ನಮಗೂ ಎರಡೆರಡು ತೊಳೆ ಕೊಟ್ಟರು. ಹೀಗಾಗಿ ಅರ್ಧ ದಾರಿಯಲ್ಲಿ ನಾವು ಪುನಃ ಮೂವರಾದೆವು. ಬೈರೇಶ್ ವಾಪಸು ಬಂದು ಸಿಪ್ಪೆಯನ್ನು ಆದಿಲಕ್ಷ್ಮಮ್ಮನವರ ಕಣ್ಣಿಗೆ ಬೀಳುವಂತೆ ಎಸೆದದ್ದು ಅವರ ಸೇವಾವಧಿಯ ಏಕೈಕ ಅಜಾಗರೂಕತೆ.

7. ಅಂದಿನಿಂದ ನಾಲ್ಕನೆಯವರಾಗಿ ಆದಿಲಕ್ಷ್ಮಮ್ಮನವರೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ವಿಮಾನ ನಿಲ್ದಾಣದವರೆಗೆ ಬರುತ್ತಿದ್ದಾರೆ. ಅವರು ಸೀರೆ ಬದಲಾಯಿಸಬೇಕು, ತಲೆ ಬಾಚಬೇಕು, ಹಸುವಿಗೆ ಹುಲ್ಲು ಹಾಕಬೇಕು, ಬೀಗದಕೈ ಹುಡುಕಬೇಕು. ಉಲ್ಲೇಖ 1ರ ವಿಳಂಬ ಇದೇ ಆಗಿರುತ್ತದೆ. ಅವರೂ ವಾಪಸು ಬರುವವರೇ ಆದ್ದರಿಂದ ಬೈರೇಶ್‌ಗೆ ಅನ್ವಯಿಸಿದ ನಿಯಮ ಅವರಿಗೂ ಅನ್ವಯಿಸಬೇಕಲ್ಲವೇ ಎಂದು ಚಿನ್ನಸ್ವಾಮಿಯವರು ಒಮ್ಮೆ ಕೇಳಿದ್ದರು.

"ನಾನ್ ವಾಪಸ್ ಬರೋದ್ನ ನೀನ್ ನೋಡಿದ್ದೀಯೇನಪ್ಪಾ?" ಎಂದರು ಆದಿಲಕ್ಷ್ಮಮ್ಮನವರು.

ಆ ಹೊತ್ತಿಗೆ ನಾವು ಆಕಾಶದಲ್ಲಿರುವ ಕಾರಣ ನೋಡಿರಲಿಲ್ಲ.

8. ಇದು ಮೂಢನಂಬಿಕೆ ಎಂದು ತಾವು ಕಡತದಲ್ಲಿ ಷರಾ ಬರೆಯುವ ಮುನ್ನ, ನಮ್ಮ ಕಂಪನಿಯ ಯಾವುದೇ ವಿಮಾನ ಹತ್ತಿ ಸೀಟಿನ ಸಾಲುಗಳನ್ನು ಎಣಿಸಬೇಕಾಗಿ ಕೋರುತ್ತೇನೆ. ಹನ್ನೆರಡನೆಯ ಸಾಲಿನ ನಂತರ ಹದಿನಾಲ್ಕನೆಯದು ಬರುತ್ತದೆ. ಹದಿಮೂರನ್ನು ತೆಗೆದದ್ದು ಆದಿಲಕ್ಷ್ಮಮ್ಮನವರಲ್ಲ. ಅಲ್ಲದೆ, ತಲೆ ಎಣಿಸದೆ ನಾವೂ ವಿಮಾನದ ಬಾಗಿಲು ಹಾಕುವುದಿಲ್ಲ.

9. ಕಳೆದ ತಿಂಗಳು ಹೊಸಕೋಟೆಯ ತಂಗಿಗೆ ಮೊಮ್ಮಗು ಹುಟ್ಟಿದ ನಿಮಿತ್ತ ಆದಿಲಕ್ಷ್ಮಮ್ಮನವರು ಊರಿನಲ್ಲಿರಲಿಲ್ಲ. ಕೇಳುವವರಿಲ್ಲದ ಕಾರಣ ನಾವು ಮೂವರೇ ಹೊರಟೆವು. ಕಾರು ಹೊತ್ತಿಗಿಂತ ಮುಂಚೆಯೇ ತಲುಪಿತು. ತಪಾಸಣೆಯಲ್ಲಿ ಚಿನ್ನಸ್ವಾಮಿಯವರ ಜೇಬಿನಲ್ಲಿ ಒಂದು ಬೆಣಚುಕಲ್ಲು ಸಿಕ್ಕಿತು. ಕೀರ್ತನ ಅವರ ಕೈಚೀಲದಲ್ಲಿ ಒಂದು ಸಿಕ್ಕಿತು. ನನ್ನ ಕಾಲುಚೀಲದಲ್ಲಿಯೂ ಒಂದಿತ್ತು. ಒಬ್ಬರಿಗೊಬ್ಬರು ಹೇಳಿರಲಿಲ್ಲವಾದ್ದರಿಂದ ನಾಲ್ವರಾಗಬೇಕಾದವರು ಆರು ಮಂದಿಯಾಗಿದ್ದೆವು. ಮೂರೂ ಕಲ್ಲುಗಳನ್ನು ಒಂದೇ ಟ್ರೇನಲ್ಲಿಟ್ಟು ಅಲ್ಲಿಯವರು ನಮ್ಮ ಮುಖ ನೋಡಿದರು. ನಾವು ಗೋಡೆ ನೋಡಿದೆವು.

10. ತಾವು ಗೊತ್ತುಪಡಿಸಿದ ಹೋಟೆಲ್ ಚೆನ್ನಾಗಿದೆಯೆಂದು ಕೇಳಿದ್ದೇನೆ. ದಿನವಿಡೀ ಬಿಸಿನೀರು ಬರುತ್ತದಂತೆ. ಆದರೆ ಅಲ್ಲಿ ನಾನು ಹೊರಟರೆ ಒಂದು ಕೋಣೆ ಖಾಲಿಯಾಯಿತೆಂದು ಬರೆದುಕೊಳ್ಳುತ್ತಾರೆ, ಅಷ್ಟೆ. ಆವತಿಯಲ್ಲಿ ನಾನು ಹೊರಟರೆ ಒಬ್ಬ ಮನುಷ್ಯ ಹೊರಟನೆಂದು ಲೆಕ್ಕ. ನನ್ನ ಹೆಂಡತಿ ನವ್ಯಶ್ರೀ ಮೊದಲೆಲ್ಲ ನಾನು ಇಳಿದು ಫೋನ್ ಮಾಡುವವರೆಗೆ ಊಟ ಮಾಡುತ್ತಿರಲಿಲ್ಲ. ಈಗ ಆದಿಲಕ್ಷ್ಮಮ್ಮನವರಿಗೆ ಫೋನ್ ಮಾಡಿ "ಎಷ್ಟ್ ಜನ ಹೋದ್ರಮ್ಮಾ?" ಎಂದು ಕೇಳುತ್ತಾಳೆ. ನಾಲ್ಕು ಎಂಬ ಉತ್ತರ ಬಂದರೆ ಉಣ್ಣುತ್ತಾಳೆ. ಮಾನ್ಯರೇ, ನನಗೆ ಆ ಮನೆ ಬಿಡಲು ಇಷ್ಟವಿಲ್ಲ. ಹೀಗೆ ಬರೆಯಲು ತಮ್ಮ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಇಲ್ಲಿಯೇ ಬರೆದಿದ್ದೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಪರಿಶೀಲಿಸಿ, ಉಲ್ಲೇಖ 1ನ್ನು ಹಿಂಪಡೆದು, ಉಲ್ಲೇಖ 2ನ್ನು ಆವತಿಯ ಮಟ್ಟಿಗೆ ಕೈಬಿಟ್ಟು, ಉಲ್ಲೇಖ 3ಕ್ಕೆ ತಮ್ಮ ಸಮ್ಮತಿ ನೀಡಿ, ಕಾರನ್ನು ಹಸುವಿಗೆ ಹುಲ್ಲು ಹಾಕುವಷ್ಟು ಹೊತ್ತು ಮುಂಚಿತವಾಗಿ ಕಳಿಸಲು ಆದೇಶಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸ್ಥಳ: ತಮ್ಮ ಕಚೇರಿಯ ಮೊಗಸಾಲೆ

ತಮ್ಮ ವಿಶ್ವಾಸಿ ಹಾಗೂ ಹಿಂದಿನ ಸೀಟಿನ ನಡುವಿನ ಜಾಗದವ,
(ಹರಿಪ್ರಸಾದ್)

ಲಗತ್ತುಗಳು:
1. ಕ್ಯಾಪ್ಟನ್ ಚಿನ್ನಸ್ವಾಮಿ ಮತ್ತು ಕ್ಯಾಪ್ಟನ್ ಕೀರ್ತನ ಅವರ ಒಪ್ಪಿಗೆ ಪತ್ರ.
2. ಬೆಣಚುಕಲ್ಲುಗಳ ಫೋಟೊ (ಮೂಲ ಕಲ್ಲುಗಳು ಭದ್ರತಾ ವಿಭಾಗದ ವಶದಲ್ಲಿವೆ).
3. ಉಸಿರಿನ ಪರೀಕ್ಷೆಯ ವರದಿ, ಎರಡು ಪ್ರತಿ. ಎರಡರಲ್ಲೂ ಸೊನ್ನೆ.

ವಿ.ಸೂ.: ಈ ಅರ್ಜಿಯನ್ನು ಕೊಡಲು ನಾವು ಮೂವರೂ ಬರಬೇಕಾದ್ದರಿಂದ ಆದಿಲಕ್ಷ್ಮಮ್ಮನವರೂ ಜೊತೆಗೆ ಬಂದು ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಹಸಿರು ಸೀರೆ, ಮಡಿಲಲ್ಲಿ ಸ್ಟೀಲ್ ಡಬ್ಬಿ. ದಿನಾ ಮಕ್ಕಳಿಗೆ ಕಾರು ಕಳಿಸುವ ಸಾಹೇಬರು ತಾವೇ ಎಂದು ತಿಳಿದು ತಮಗಾಗಿ ಕಜ್ಜಾಯ ಮಾಡಿಕೊಂಡು ಬಂದಿದ್ದಾರೆ. ಉಲ್ಲೇಖ 2ರ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ. ಗುಡುಗು ಮಳೆಯಲ್ಲಿ ವಿಮಾನ ಇಳಿಸಿದ ಅನುಭವ ನಮ್ಮ ಮೂವರಿಗೂ ಇದ್ದರೂ ಇದನ್ನು ಅವರಿಗೆ ಹೇಳಲು ಯಾರಿಂದಲೂ ಆಗಲಿಲ್ಲ. ಆದಕಾರಣ, ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ ತಾವೇ ದಯಮಾಡಿ ಹೊರಗೆ ಬಂದು ಅವರಿಗೆ ತಿಳಿಸಬೇಕಾಗಿ ವಿನಂತಿ.