ಕೆಂಪು ಬಾಣದ ಕಣಿವೆ ದಾರಿ

ಕಣಿವೆ ದಾರಿಗೆ ಬಾಣ ಬರೆದ ಕೂಲಿ ನನಗೆ ಇನ್ನೂ ಬರಬೇಕು. ಕೊಡಬೇಕಾದ ದಾರಿ ಉಳಿಸುವ ಸಮಿತಿಯವರು ದಿನಾ ಎದುರಿಗೇ ಸಿಗುತ್ತಾರೆ. ಜೀವಮಾನವಿಡೀ ಕಂಡವರ ಕೂಲಿಗಾಗಿ ಗಂಟಲು ಹರಿದುಕೊಂಡ ನಾನು, ನನ್ನದೇ ಕೂಲಿ ಕೇಳಬೇಕಾದಾಗ ಮಾತ್ರ ಒಮ್ಮೆ ಕೆಮ್ಮಿ, ಹವಾಮಾನದ ವಿಷಯ ತೆಗೆದು, ಜಾಗ ಖಾಲಿ ಮಾಡುತ್ತೇನೆ. ಯಾಕೆಂದು ಹೇಳುತ್ತೇನೆ. ನಗು ಬಂದರೆ ನಗಿ. ಊರೇ ನಕ್ಕಾಗಿದೆ, ನಿಮ್ಮನ್ನು ತಡೆದು ನನಗೇನಾಗಬೇಕು?

ಊರಿನಲ್ಲಿ ನನ್ನನ್ನು ಕರೆಯುವುದು ಧಿಕ್ಕಾರಣ್ಣ ಎಂದು. ಹೆತ್ತವರು ಬೇರೇನೋ ಹೆಸರಿಟ್ಟಿದ್ದರು, ಅದು ಚಳವಳಿಯಲ್ಲಿ ಕಳೆದುಹೋಯಿತು. ಗೋಡೆ ಬರಹ ನನಗೆ ಬರುವ ಏಕೈಕ ವಿದ್ಯೆ. ಬ್ರಷ್ ಹಿಡಿದರೆ ಸುಣ್ಣದ ಗೋಡೆಯೂ ಹಲ್ಲು ಕಡಿಯಬೇಕು, ಹಾಗೆ ಬರೆಯುತ್ತಿದ್ದೆ!

ಈಗ ವಿಷಯಕ್ಕೆ ಬರೋಣ. ನಮ್ಮೂರ ಪಕ್ಕದ ಕಣಿವೆಯಲ್ಲಿ ಹೊಳೆ ಹರಿಯುತ್ತದೆ, ಅದರ ದಂಡೆಗುಂಟ ಒಂದು ಕಾಲುದಾರಿ. ಹಳೇ ಕಲ್ಲಿನ ಸೇತುವೆ, ನೀರಿನ ರಭಸಕ್ಕೆ ತಿರುಗುತ್ತಿದ್ದ ಹಿಟ್ಟಿನ ಗಿರಣಿ, ಗಿರಣಿಯ ಗೋಡೆ ತುಂಬ ಡ್ರಾಯಿಂಗ್ ಮೇಷ್ಟ್ರು ಬಿಡಿಸಿದ ಚಿತ್ರಗಳು, ಯಾವುದೋ ಕಾಲದವರು ಯಾವುದೋ ಪ್ರಾಣಿ ಕೆತ್ತಿಟ್ಟ ಬಂಡೆ, ನೇಕಾರನ ಮಗ್ಗದ ಶೆಡ್ಡು, ಎಲ್ಲವೂ ಆ ದಾರಿಯಲ್ಲೇ ಸಿಗುತ್ತವೆ. ಆ ದಂಡೆಗೆ ಬೇಲಿ ಹಾಕಿಕೊಳ್ಳಲು ಮರಳಿನ ಗುತ್ತಿಗೆದಾರನೊಬ್ಬ ಅರ್ಜಿ ಕೊಟ್ಟ. "ಅಲ್ಲಿ ಜನ ನಡೆಯೋದೇ ಇಲ್ಲ" ಎಂಬುದು ಅವನ ವಾದ. 'ಪಾರಂಪರಿಕ ನಡಿಗೆ ದಾರಿ' ಎಂದು ಸರ್ಕಾರದ ಕಾಗದಕ್ಕೆ ಅದು ಏರಿದರೆ ಬೇಲಿ ಬರುವುದಿಲ್ಲ. ಏರದಿದ್ದರೆ ನಾವು ಹೊಳೆಯನ್ನು ಬೇಲಿಯ ಸಂದಿಯಲ್ಲಿ ಒಂದೇ ಕಣ್ಣಿನಿಂದ ನೋಡಬೇಕು. ಭಾನುವಾರ ಅಧಿಕಾರಿ ಬಂದು ಪೂರ್ತಿ ನಡೆದು ನೋಡುವುದೆಂದು ತೀರ್ಮಾನವಾಯಿತು. ಅಷ್ಟರೊಳಗೆ ದಾರಿಯುದ್ದಕ್ಕೂ ಬಾಣದ ಗುರುತು ಆಗಬೇಕು.

"ಬಾಣ ತಾನೇ? ನನಗೆ ಬಿಡಿ!" ಎಂದು ಸಮಿತಿಯ ಸಭೆಯಲ್ಲಿ ಎದೆ ತಟ್ಟಿದೆ. "ಹುಟ್ಟು ಕುರುಡನೂ ಎಡವದೆ ಹೋಗಿ ಬರಬೇಕು, ಹಾಗೆ ಬರೀತೀನಿ!"

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಊರ ಅರ್ಧ ಹೆಂಗಸರ ಬಟ್ಟೆ ಅವಳ ಕೈಯಲ್ಲೇ ತಯಾರಾಗುವುದು. ತಲೆಯೆತ್ತದೆ ಹೇಳಿದಳು:

"ರೀ, ಮೇಷ್ಟ್ರು ನಕ್ಷೆ ಬರ್ದು ಕೊಟ್ಟಿದಾರೆ. ತಗೊಂಡ್ ಹೋಗಿ."

"ನಕ್ಷೆ? ನನಗೆ? ಲೇ, ಬಗಲಲ್ಲಿ ಪೋಸ್ಟರ್ ಕಟ್ಟು, ಬೆನ್ನ ಹಿಂದೆ ಪೊಲೀಸ್ನೋರು, ಹಂಗೆ ಆ ಕಣಿವೇಲಿ ಓಡಾಡಿದೋನು ಕಣೇ ನಾನು!"

"ಅದಕ್ಕೇ ಹೇಳಿದ್ದು. ಈಗ ಹಿಂದೆ ಯಾರೂ ಇಲ್ಲ. ನಿಧಾನಕ್ಕೆ ನೋಡ್ಕೊಂಡು ಹೋಗಿ."

ಅವಳ ಯಂತ್ರದ ಒಂದು ಕಾಲು ಅಲ್ಲಾಡುತ್ತಿತ್ತು. ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಅದರಡಿ ಸಿಕ್ಕಿಸಿ, ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬ, ಇನ್ನೊಂದರಲ್ಲಿ ಬ್ರಷ್ ಹಿಡಿದು ಹೊರಟೆ. ತಲೆಯಲ್ಲಿ ಮರುದಿನ ಮಾಡಬೇಕಾದ ಭಾಷಣ ಕುದಿಯುತ್ತಿತ್ತು. ಬಾಯಿ ಭಾಷಣ ಮಾಡುತ್ತಿತ್ತು, ಕಾಲು ನಡೆಯುತ್ತಿತ್ತು, ಕೈ ಬಾಣ ಬರೆಯುತ್ತಿತ್ತು. ಮೂವರಿಗೂ ಒಬ್ಬರಿಗೊಬ್ಬರ ಪರಿಚಯವೇ ಇದ್ದಂತಿರಲಿಲ್ಲ! ಭಾಷಣ ಮುಗಿಯಿತು. ಅಲ್ಲೇ ಕಂಡ ಗೋಡೆಯ ಮೇಲೆ, ದಾರಿ ಇಲ್ಲಿಗೆ ಮುಗಿಯಿತು ಎನ್ನುವ ಗುರುತಿಗೆ, ದೊಡ್ಡದೊಂದು ಕೆಂಪು ವೃತ್ತ ಹಾಕಿ ನಡುವೆ ಗುಣಿಸುವ ಚಿಹ್ನೆ ಎಳೆದು, ಹಾಗೇ ಒಳಗೆ ಹೋಗಿ ಊಟಕ್ಕೆ ಕೂತೆ. ಊಟ ಅಷ್ಟು ಹತ್ತಿರದಲ್ಲಿ ಹೇಗೆ ಸಿಕ್ಕಿತು ಎಂದು ಯೋಚಿಸಬೇಕಿತ್ತು. ಹಸಿದವನು ಯೋಚಿಸುತ್ತಾನೆಯೇ?

ಭಾನುವಾರ ಬೆಳಿಗ್ಗೆ ಅಧಿಕಾರಿ ಮೇಡಂ ಬಂದರು. ಹೊಸ ಬೂಟು, ಅಗಲ ಟೋಪಿ, ಕಂಕುಳಲ್ಲಿ ಫೈಲು. ಪಕ್ಕದಲ್ಲಿ ವಿವರಣೆ ಕೊಡಲು ಡ್ರಾಯಿಂಗ್ ಮೇಷ್ಟ್ರು. ಹಿಂದೆ ಪಟ್ಟಣದಿಂದ ಬಂದ ನಡಿಗೆ ಸಂಘದವರು, ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಕ್ಯಾಮೆರಾ. ಎಲ್ಲರ ಮುಂದೆ ದಂಡನಾಯಕನಂತೆ ನಾನು!

ಸೇತುವೆಯ ಬಳಿ ಮೊದಲ ಎಡವಟ್ಟು. ಬಾಣ ಸೇತುವೆಯ ಮೇಲಕ್ಕಲ್ಲ, ಕೆಳಕ್ಕೆ ತೋರಿಸುತ್ತಿತ್ತು.

"ಸೇತುವೆ ಮೇಲೆ ಹೋಗೋದಲ್ವಾ?" ಎಂದರು ಮೇಡಂ.

ನನಗೂ ಅದೇ ಪ್ರಶ್ನೆ. ಆದರೆ ಮುಂದಾಳು ಎಂದ ಮೇಲೆ ಗೊಂದಲ ತೋರಿಸಬಾರದು.

"ಮೇಲಿಂದ ಯಾರ್ ಬೇಕಾದ್ರೂ ನೋಡ್ತಾರೆ ಮೇಡಂ. ಕಟ್ಟಿದೋನ ಕೈಚಳಕ ಗೊತ್ತಾಗೋದು ಕೆಳಗಿಂದ!"

ಬಗ್ಗಿಕೊಂಡು ಕಮಾನಿನ ಕೆಳಗೆ ತೂರಿದೆವು. ಆಚೆ ಬದಿಯ ಬಾಣ ಸೀದಾ ಹೊಳೆಯೊಳಕ್ಕೆ ಇಳಿದಿತ್ತು.

"ಇದು ನೀರಿಗೆ ಹೋಗ್ತಿದೆಯಲ್ರೀ?"

"ಹೌದು ಮೇಡಂ. ಹೊಳೆ ದಾರಿ ಅಂದ್ಮೇಲೆ ಹೊಳೆ ಪರಿಚಯ ಆಗ್ಬೇಡ್ವಾ?"

ಪರಿಚಯ ಮೊಣಕಾಲಿನವರೆಗೆ ಆಯಿತು. ಹೊಸ ಬೂಟು ಪಚಪಚ ಎನ್ನತೊಡಗಿತು. ನನಗೆ ತಲೆ ಕೆಟ್ಟುಹೋಯಿತು. ನಾನು ಇಲ್ಲೆಲ್ಲ ಬಾಣ ಯಾಕೆ ಬರೆದೆ? ಬರೆದದ್ದು ನನ್ನ ಕೈಯೇ, ಗೆರೆಯ ಓರೆಯೂ ನನ್ನದೇ. ಆದರೆ ಬುದ್ಧಿ ಯಾರದು?

ದಡ ಹತ್ತಿದರೆ ಕೆತ್ತನೆಯ ಬಂಡೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಇದು ಕುದುರೆ. ಯುದ್ಧಕ್ಕೆ ಹೊರಟಿರೋ ಕುದುರೆ" ಎಂದರು. ಎಲ್ಲರೂ ಫೋಟೋ ತೆಗೆದರು. ಅಲ್ಲಿಂದ ಗಿರಣಿಯ ಹಿಂದಕ್ಕೆ ಬಾಣ, ಗಿರಣಿ ಸುತ್ತಿ ಪೊದೆಯೊಳಗೆ ಬಾಣ, ಪೊದೆ ದಾಟಿದರೆ ಮತ್ತೆ ಅದೇ ಬಂಡೆ.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕಲೆಯ ಮರ್ಯಾದೆ ಉಳಿಸಬೇಕಲ್ಲ, ಪಾಪ, "ಇದು... ಎತ್ತು" ಎಂದರು. ಮತ್ತೆ ಫೋಟೋ.

ಅಲ್ಲಿಂದ ಬಾಣ ನೇಕಾರನ ಶೆಡ್ಡಿನ ಮುಂಬಾಗಿಲಲ್ಲಿ ಒಳಗೆ ನುಗ್ಗಿ ಹಿಂಬಾಗಿಲಲ್ಲಿ ಹೊರಬಿತ್ತು. ನಾವೂ ನುಗ್ಗಿ ಹೊರಬಿದ್ದೆವು. ಮಗ್ಗದ ಮೇಲಿದ್ದ ನೇಕಾರ ಲಾಳಿ ಹಿಡಿದ ಕೈ ಹಾಗೇ ನಿಲ್ಲಿಸಿ ಬಾಯಿ ಬಿಟ್ಟ. ಒಂದು ಬೇಲಿ ಸುತ್ತಿ ಬಂದರೆ, ಮೂರನೇ ಸಲ ಬಂಡೆ!

"ಮೇಷ್ಟ್ರೇ, ಇದು ಕುದುರೆನೋ ಎತ್ತೋ?" ಮೇಡಂ ದನಿ ಗಡುಸಾಗಿತ್ತು.

"ಇಷ್ಟೊತ್ತಿಗೆ ನನಗೆ ಕತ್ತೆ ಕಾಣಿಸ್ತಿದೆ ಮೇಡಂ" ಎಂದರು ಮೇಷ್ಟ್ರು, ಬಂಡೆಯ ಕಡೆ ನೋಡದೆ, ನನ್ನನ್ನೇ ನೋಡುತ್ತ.

ಎರಡನೇ ಸಲ ಶೆಡ್ಡಿಗೆ ನುಗ್ಗಿದಾಗ ನೇಕಾರ ಎದ್ದೇ ಬಂದ.

"ಧಿಕ್ಕಾರಣ್ಣ, ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ ನಿಮ್ಮನ್ನ?"

"ಯಾರೂ ಇಲ್ವಲ್ಲೋ."

"ಮತ್ತೆ? ನಮ್ಮಪ್ಪನ ಕಾಲದಲ್ಲಿ ಪೊಲೀಸ್ನೋರಿಗೆ ಚಳ್ಳೆಹಣ್ಣು ತಿನ್ನಿಸೋಕೆ ಹಿಂಗೇ ಮುಂದಿಂದ ಬಂದು ಹಿಂದಿಂದ ಪರಾರಿ ಆಗ್ತಿದ್ರಲ್ಲ! ಬಂಡೆ ಸುತ್ತಿ, ಮತ್ತೆ ಬಂದು, ಮತ್ತೆ ಪರಾರಿ!"

ತಲೆಗೆ ಮೊಳೆ ಹೊಡೆದಂತಾಯಿತು. ಅಯ್ಯೋ ನನ್ನ ಕಾಲೇ! ಗುರುತು ಹಾಕಲು ಕಳಿಸಿದರೆ ಅದು ಹಳೇ ಅಭ್ಯಾಸದಂತೆ ನಡೆದುಬಿಟ್ಟಿದೆ! ಸೇತುವೆ ಕೆಳಗೆ ನುಸುಳುವುದು, ನಾಯಿ ಮೂಸಿ ಹಿಡಿಯದಂತೆ ನೀರಿಗೆ ಇಳಿಯುವುದು, ಬಂಡೆ ಸುತ್ತುವುದು, ಶೆಡ್ಡಿನಲ್ಲಿ ಮಾಯವಾಗುವುದು. ಹಿಂದೆ ಬರುವವನು ದಿಕ್ಕು ತಪ್ಪಲಿ ಎಂದೇ ನಾನು ಕಟ್ಟಿದ್ದ ದಾರಿ ಅದು. ಅದಕ್ಕೇ ಈಗ ಕೆಂಪು ಬಣ್ಣದಲ್ಲಿ ಬಾಣ ಬರೆದು, ಸರ್ಕಾರವನ್ನು ಕೈಹಿಡಿದು ಸುತ್ತಿಸುತ್ತಿದ್ದೇನೆ!

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಪೊಲೀಸರು ತಪ್ಪಿಹೋದ ಮೇಲೆ ನಾನು ಎಲ್ಲಿಗೆ ಹೋಗುತ್ತಿದ್ದೆ?

ಮನೆಗೆ.

"ಮೇಡಂ, ದಾರಿ ಇಲ್ಲಿಗೆ ಸಾಕು. ವಾಪಸ್ ಹೋಗೋಣ."

"ಬಾಣ ಇನ್ನೂ ಮುಂದೆ ತೋರಿಸ್ತಿದೆ. ಕೊನೇವರೆಗೂ ನಡೀದೆ ವರದಿ ಬರೆಯೋಳಲ್ಲ ನಾನು."

ಬೇಲಿಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ನಮ್ಮ ಹಿತ್ತಿಲಿಗೆ ಬಂದು ಬಿದ್ದೆವು. ಬಿದ್ದು ನೋಡಿದರೆ, ಹಿತ್ತಿಲ ತುಂಬ ಹೆಂಗಸರು! ಗೋಡೆಗೆ ಬೆನ್ನು ಕೊಟ್ಟು, ತೋಳಿಗೆ ತೋಳು ಸಿಕ್ಕಿಸಿ, ಸಾಲಾಗಿ ಕೂತಿದ್ದಾರೆ. ನಡುವೆ ಕುರ್ಚಿಯಲ್ಲಿ ಪಕ್ಕದ ಮನೆ ಅಜ್ಜಿ. ಎಲ್ಲರ ಮುಂದೆ ನನ್ನ ಹೆಂಡತಿ: ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಕತ್ತರಿ.

ಆಗಿದ್ದು ಇಷ್ಟೇ. ಬೆಳಿಗ್ಗೆ ಬಟ್ಟೆ ಒಣಗಿಸಲು ಬಂದವಳು ಗೋಡೆಯ ಮೇಲಿನ ಕೆಂಪು ವೃತ್ತ, ಅದರೊಳಗಿನ ಗುಣಿಸುವ ಚಿಹ್ನೆ ನೋಡಿದ್ದಾಳೆ. ನಮ್ಮ ಬೀದಿಯಲ್ಲಿ ರಸ್ತೆ ಅಗಲ ಮಾಡುವವರು, ಕೆಡವಬೇಕಾದ ಗೋಡೆಗೆ ಹಾಕುವುದು ಅದೇ ಗುರುತು! ಮೂಲೆ ಅಂಗಡಿಗೆ ಹಾಕಿದ ವಾರಕ್ಕೆ ಅಂಗಡಿಯೇ ಇರಲಿಲ್ಲ. ಹೋರಾಟಗಾರನ ಹೆಂಡತಿ ಅಳುತ್ತ ಕೂರುತ್ತಾಳೆಯೇ? ಬೀದಿಯನ್ನೇ ಎಬ್ಬಿಸಿದ್ದಾಳೆ.

"ಬನ್ನಿ ಬನ್ನಿ! ಫೈಲು ಬೇರೆ ತಂದಿದೀರಾ?" ಎಂದಳು ಮೇಡಂಗೆ.

"ಇದೇನಾ ಕೊನೇ ಜಾಗ?" ಎಂದು ಮೇಡಂ ಗೋಡೆ ನೋಡಿದರು.

"ಕೊನೇ ಜಾಗ ಅಂತೆ! ಅಕ್ಕಪಕ್ಕದೋರನ್ನೆಲ್ಲ ಮುಗಿಸ್ಕೊಂಡೇ ಬಂದ್ರಾ? ಒಂದೇ ಒಂದು ಇಟ್ಟಿಗೆ ಮುಟ್ಟಿ ನೋಡೋಣ!"

"ಯಾವ ಇಟ್ಟಿಗೆ? ನಾನು ಕಲೆ ನೋಡೋಕೆ ಬಂದೆ ಕಣಮ್ಮಾ!"

"ಕೆಡವೋಕೆ ಬಂದೋಳು ಕಲೆ ಅಂತಾಳೆ, ನೋಡ್ರೇ!" ಎಂದು ಅಜ್ಜಿ ಊರುಗೋಲು ಕುಟ್ಟಿದರು.

ನಡಿಗೆ ಸಂಘದವರಿಗೆ ಮಾತ್ರ ಸ್ವರ್ಗವೇ ಸಿಕ್ಕಿತು. ಇದು ತಮಗಾಗಿ ಏರ್ಪಡಿಸಿದ ಬೀದಿ ನಾಟಕವೆಂದು ಚಪ್ಪಾಳೆ ತಟ್ಟಿದರು. ಒಬ್ಬರಂತೂ ತಂತಿಯ ಮೇಲೆ ಒಣಗುತ್ತಿದ್ದ ಲಂಗಗಳನ್ನು ನೇಯ್ಗೆ ಪರಂಪರೆ ಎಂದುಕೊಂಡು, ಒಂದೂ ಬಿಡದೆ ಫೋಟೋ ತೆಗೆದರು.

"ಮನೆ ಗೋಡೆಗೆ ಬಣ್ಣ ಬಳಿದವನಿಗೆ..." ನನ್ನ ಹೆಂಡತಿ ಕತ್ತರಿ ಎತ್ತಿ ಕೂಗಿದಳು.

"ಧಿಕ್ಕಾರ!" ಎಂದರು ಹೆಂಗಸರು.

ಆ ಶಬ್ದ ಕಿವಿಗೆ ಬಿದ್ದರೆ ನನ್ನ ಮುಷ್ಟಿ ನನ್ನ ಮಾತು ಕೇಳುವುದಿಲ್ಲ. ಅದು ತಾನಾಗಿ ಮೇಲೆದ್ದಿತು. "ಧಿಕ್ಕಾರ!" ಎಂದೆ. ಎಲ್ಲರಿಗಿಂತ ಜೋರಾಗಿ. ಆಹಾ, ಎಷ್ಟು ದಿನವಾಗಿತ್ತು!

"ಕಳ್ಳನ ಹಂಗೆ ಬಂದು ಬಳಿದವನಿಗೆ..."

"ಧಿಕ್ಕಾರ! ಧಿಕ್ಕಾರ!" ನನ್ನ ಕಣ್ಣಲ್ಲಿ ನೀರೇ ಬಂತು.

ಮೇಷ್ಟ್ರು ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಧಿಕ್ಕಾರಣ್ಣ, ಬಳಿದೋರು ನೀವಲ್ವಾ?" ಎಂದರು.

ಮುಷ್ಟಿ ಇನ್ನೂ ಗಾಳಿಯಲ್ಲೇ ಇತ್ತು. ಉಗುರಿನ ಸಂದಿಯಲ್ಲಿ ಕೆಂಪು, ಮೊಣಕೈಯಲ್ಲಿ ಕೆಂಪು. ಹೆಂಡತಿ ಮುಷ್ಟಿ ನೋಡಿದಳು, ಗೋಡೆ ನೋಡಿದಳು, ಮತ್ತೆ ಮುಷ್ಟಿ ನೋಡಿದಳು.

"ರೀ."

ಲಾಠಿ ತಿಂದಿದ್ದೇನೆ, ಜೈಲು ಕಂಡಿದ್ದೇನೆ. ಆ ಒಂದಕ್ಷರದಷ್ಟು ಪೆಟ್ಟು ಯಾವುದೂ ಕೊಟ್ಟಿರಲಿಲ್ಲ.

"ಅದು... ದಾರಿ ಮುಗೀತು ಅನ್ನೋ ಗುರುತು ಕಣೇ."

"ಮುಗೀತು ಬಿಡಿ! ಅಷ್ಟು ವರ್ಷ ಪೊಲೀಸ್ನೋರು ತಲೆ ಕೆಳಗಾಗಿ ನಿಂತ್ರೂ ಈ ಮನೆ ಸಿಗಲಿಲ್ಲ. ನೀವೇ ಕೈಯಾರೆ ಬಾಣ ಬರ್ದು ಸರ್ಕಾರಾನ ಹಿತ್ತಿಲಿಗೆ ತಂದು ಬಿಟ್ರಲ್ರೀ!"

ಅಜ್ಜಿ ನಗಲು ಶುರುಮಾಡಿದರು. ಅಜ್ಜಿಯಿಂದ ಸಾಲಿಗೆ ಹತ್ತಿತು, ಸಾಲಿನಿಂದ ಸಂಘದವರಿಗೆ. ನಗದವರು ಇಬ್ಬರೇ: ನಾನು ಮತ್ತು ಮೇಡಂ. ಅವರು ಒಗೆಯುವ ಕಲ್ಲಿನ ಮೇಲೆ ಕೂತು ಬೂಟಿನಿಂದ ಹೊಳೆ ಸುರಿಯುತ್ತಿದ್ದರು.

"ಇದನ್ನ ದಾರಿ ಅಂತ ಬರೆಯೋಕೆ ನನ್ನಿಂದ ಆಗಲ್ಲ" ಎಂದರು.

ನಗು ನಿಂತಿತು. ಬೇಲಿ ಕಣ್ಣ ಮುಂದೆ ಬಂತು. ಅದು ಎಲ್ಲರಿಗೂ ಕಂಡಿರಬೇಕು, ಅಜ್ಜಿ ಸಹ ಕೋಲು ಕೆಳಗಿಟ್ಟರು.

"ಮೇಡಂ, ತಪ್ಪು ನನ್ನದು, ದಾರೀದಲ್ಲ. ಬೇಕಾದ್ರೆ ನನಗೇ ಬೇಲಿ ಹಾಕಿ" ಎಂದೆ. ತಮಾಷೆಗೆ ಹೇಳಿದ್ದಲ್ಲ.

ಅವರು ಬೂಟು ಹಾಕಿಕೊಂಡು ಎದ್ದರು. "ಬರೋ ಭಾನುವಾರ ಒಂದ್ಸಲ ಬರ್ತೀನಿ. ಬಾಣ ಗೀಣ ನೋಡಲ್ಲ. ಜನ ನಡೀತಿರೋದು ಕಂಡ್ರೆ ದಾರಿ ಅಂತ ಬರೀತೀನಿ. ಕಾಣದಿದ್ರೆ ಗುತ್ತಿಗೆದಾರ ಹೇಳಿದ್ದೇ ನಿಜ ಅಂತ ಬರೀತೀನಿ."

ಅವರು ಹೋದದ್ದೇ ತಡ, ಹಿತ್ತಿಲಲ್ಲೇ ಸಭೆ ಸೇರಿತು. ನನ್ನ ಹೆಂಡತಿ ಸರ್ವಾನುಮತದಿಂದ ಮುಂದಾಳು! ಹೆಂಗಸರು ಸೀಮೆಎಣ್ಣೆ, ಚಿಂದಿ ಹಿಡಿದು ನನ್ನ ಬಾಣಗಳನ್ನು ಒಂದೊಂದಾಗಿ ಒರೆಸಿ, ನೆಟ್ಟಗಿನ ದಾರಿಗೆ ಹೊಸದಾಗಿ ಬರೆದರು. ನೇಕಾರನ ಶೆಡ್ಡಿನ ಕಡೆ ತಿರುಗುವಲ್ಲಿ ದೊಡ್ಡ ಕಲ್ಲಿನ ಮೇಲೆ ಬರೆದದ್ದು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ನನ್ನ ಬರಹ ನೋಡಿ, ಹಾಗೆಲ್ಲ ಹೋಗುವುದಲ್ಲ!

"ನನಗೇನು ಕೆಲಸ?" ಎಂದು ಕೇಳಿದೆ.

"ಭಾನುವಾರ ಆ ಕಲ್ಲಿಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ಬಾಣ ಮುಚ್ಚಿಹೋಗುತ್ತೆ."

"ಸುಮ್ನೆ ನಿಂತ್ರೆ ಜನ ಏನಂದ್ಕೋತಾರೆ?"

"ನೀವು ನಿಂತಿರೋ ಕಡೆ ದಾರಿ ಇಲ್ಲ ಅಂದ್ಕೋತಾರೆ. ಊರಿಗೆಲ್ಲ ಈಗ ಅಷ್ಟು ಗೊತ್ತಾಗಿದೆ."

ಅಲ್ಲಾ ಸ್ವಾಮಿ, ಇಷ್ಟು ಹೊತ್ತು ನಕ್ಕಿರಲ್ಲ, ಈಗ ಎದ್ದೇಳಿ. ಕುರ್ಚಿಯಲ್ಲಿ ಕೂತು ನಕ್ಕವರ ಹೆಜ್ಜೆ ಹೊಳೆದಂಡೆಯ ಮಣ್ಣಿನಲ್ಲಿ ಮೂಡುವುದಿಲ್ಲ. ಭಾನುವಾರ ಬನ್ನಿ, ಮಕ್ಕಳು ಮುದುಕರನ್ನೂ ಎಬ್ಬಿಸಿಕೊಂಡು ಬನ್ನಿ, ಆ ಮೇಡಂ ಕಣ್ಣೆದುರಿಗೇ ನಡೆಯಿರಿ. ದಾರಿಯಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ನಾನು ನಿಂತಿರುತ್ತೇನೆ. ಪರಿಚಯದವನೆಂದು ಮಾತಾಡಿಸಲು ಹತ್ತಿರ ಬರಬೇಡಿ. ನನ್ನ ಮುಖ ಕಂಡ ಕೂಡಲೇ ತಿರುಗಿ, ಇನ್ನೊಂದು ಕಡೆ ನಡೆಯಿರಿ!