ಉಪ್ಪಿನ ಡಬ್ಬಿಯಲ್ಲಿಟ್ಟ ಪದ

"ಇನ್ನು ಆ ಮ್ಯಾನೇಜರ್ ಬಾಯಿಂದ ಎಂಥ ಪದ ಉದುರಿದರೂ ಅಂಗೈಯಲ್ಲಿ ಹಿಡೀತೀನಿ, ನೋಡ್ತಿರು!" ಎಂದು ಗಂಟಲಣ್ಣ ಹೆಂಡತಿಯ ಮುಂದೆ ಶಪಥ ಮಾಡಿದ. ಮೈಕಿಲ್ಲದೆ ಇಡೀ ಬಸ್ ಡಿಪೋ ನಡುಗಿಸುವ ಕಾರ್ಮಿಕ ನಾಯಕನಿಗೆ ಜನ ಇಟ್ಟ ಹೆಸರದು.

ಅವನ ಮೈ ಉರಿಯಲು ಕಾರಣವಿತ್ತು. ಬಸ್ಸು ತೊಳೆಯುವ ಹೆಂಗಸರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್, "ಬೇಡಿಕೆ ಪರಿಶೀಲನಾರ್ಹ" ಎಂದಿದ್ದ. ಅದರರ್ಥ ಬರೀ 'ನೋಡೋಣ' ಎಂದು ತಿಳಿಯದೆ, ಇದೇನೋ ಭಾರೀ ಗೆಲುವೆಂದು ಗಂಟಲಣ್ಣ ಜಯಘೋಷ ಕೂಗಿಸಿ, ಚಪ್ಪಾಳೆ ತಟ್ಟಿಸಿ ಬಂದಿದ್ದ! ಹೆಂಗಸರು ಇವತ್ತಿಗೂ ಕೆಟ್ಟು ನಿಂತ ಬಸ್ಸಿನ ಮರೆಯಲ್ಲೇ ಬಟ್ಟೆ ಬದಲಿಸುತ್ತಿದ್ದರು.

ಲೈಬ್ರರಿಯಿಂದ ತಂದ, ನೆನಪಿನ ಶಕ್ತಿ ಬೆಳೆಸುವ ಪುಸ್ತಕವೊಂದು ದಾರಿ ತೋರಿಸಿತು: ಚೆನ್ನಾಗಿ ಗೊತ್ತಿರುವ ಮನೆಯೊಂದನ್ನು ಆರಿಸಿ, ಒಂದೊಂದು ವಸ್ತುವಿನಲ್ಲಿ ಒಂದೊಂದು ಹೊಸ ಪದ, ಅದರ ಅರ್ಥ ಇಡಿ, ಬೇಕಾದಾಗ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಳಗೆ ಹೋಗಿ ಎತ್ತಿಕೊಳ್ಳಿ.

ಗಂಟಲಣ್ಣ ಕೈಕಟ್ಟಿಕೊಂಡು ಮನೆ ಸುತ್ತತೊಡಗಿದ.

"ಏನ್ರೀ ಹುಡುಕ್ತಿದ್ದೀರಿ?"

"ಹುಡುಕ್ತಿಲ್ಲ ಕಣೇ, ಸಾಮಾನು ಇಡ್ತಿದ್ದೀನಿ."

"ನೀವು? ಸಾಮಾನು ಇಡೋದು? ಜ್ವರ ಇದೆಯಾ? ಅಡುಗೆಮನೆ ಈಗಷ್ಟೇ ಒರೆಸಿದ್ದೀನಿ, ಕಾಲಿಟ್ರೆ ಮುರೀತೀನಿ!"

ಸರಿ, ಮ್ಯಾನೇಜರ್‌ನ ಹಳೆಯ ಪತ್ರಗಳಿಂದ ಹೆಕ್ಕಿದ ಮೂರು ಪದಗಳಲ್ಲಿ 'ತಾತ್ವಿಕ' ಟಿವಿಯೊಳಗೆ, 'ಅನುಷ್ಠಾನ' ತನ್ನ ಕುರ್ಚಿಯ ಕೆಳಗೆ ಸೇರಿದವು. ಉಳಿದ 'ಯಥಾವಕಾಶ'ವನ್ನು ಕುರ್ಚಿಯಲ್ಲಿ ಕೂತೇ, ಮನಸ್ಸಿನಲ್ಲೇ ಅಡುಗೆಮನೆಗೆ ನಡೆದು, ಉಪ್ಪಿನ ಡಬ್ಬಿಯಲ್ಲಿ ಇಟ್ಟುಬಿಟ್ಟ.

ಮಾತುಕತೆಯ ದಿನ ಬಂತು. ತೊಳೆಯುವ ಹೆಂಗಸರೂ ಬಂದು ಗೋಡೆಗೊರಗಿ ನಿಂತರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ.

"ನಿಮ್ಮ ಬೇಡಿಕೆಗೆ ತಾತ್ವಿಕ ಒಪ್ಪಿಗೆ ಇದೆ. ಅನುಷ್ಠಾನ ಮಾತ್ರ ಯಥಾವಕಾಶ. ಸಹಿ ಹಾಕಿ."

ಗಂಟಲಣ್ಣ ಕಣ್ಣು ಮುಚ್ಚಿದ. ಟಿವಿ ಸಿಕ್ಕಿತು. ಕುರ್ಚಿ ಸಿಕ್ಕಿತು. ಅಡುಗೆಮನೆಗೆ ಹೊಕ್ಕ... ಕಗ್ಗತ್ತಲು! ಒಲೆ ಎಡಕ್ಕೋ ಬಲಕ್ಕೋ? ಕಪಾಟಿಗೆ ಬಾಗಿಲಿದೆಯೋ ಇಲ್ಲವೋ? ಉಪ್ಪಿನ ಡಬ್ಬಿ ಹಾಳಾಗಲಿ, ಗೋಡೆ ಯಾವ ಬಣ್ಣವೆಂಬುದೇ ಗೊತ್ತಿಲ್ಲ!

"ನಿದ್ದೆ ಬಂತಾ ನಾಯಕರೇ?" ಮ್ಯಾನೇಜರ್ ಕಿಸಕ್ಕೆಂದ.

ಗಂಟಲಣ್ಣ ಮೇಜಿನಡಿ ಫೋನ್ ಹಿಡಿದು ಪಿಸುಗುಟ್ಟಿದ: "ಏ, ಉಪ್ಪಿನ ಡಬ್ಬಿ ಎಲ್ಲಿದೆ?" ಗಡಿಬಿಡಿಯಲ್ಲಿ ಯಾವ ಗುಂಡಿ ಒತ್ತಿದನೋ, ಹೆಂಡತಿಯ ದನಿ ಕೋಣೆ ತುಂಬ ಮೊಳಗಿತು.

"ಉಪ್ಪಾ? ಮದುವೆಯಾದ ದಿನದಿಂದ ಒಲೆ ಪಕ್ಕದಲ್ಲೇ ಇದೆ! ನೀವು ಮಾತುಕತೆಗೆ ಹೋಗಿದ್ದೀರೋ, ಅಡುಗೆಗೋ? ಆ ಹೆಂಗಸರಿಗೆ ಕೋಣೆ ಯಾವತ್ತು ಕೊಡ್ತಾರಂತೆ? ಅಷ್ಟು ಕೇಳೋಕೆ ಉಪ್ಪು ಯಾಕ್ರೀ ಬೇಕು?"

ಗೋಡೆಗೊರಗಿದ್ದ ಹೆಂಗಸರು ಒಟ್ಟಿಗೇ, "ಹೌದು, ಯಾವತ್ತು?" ಎಂದರು.

"ಸೋ... ಸೋಮವಾರ ಬೀಗದ ಕೈ ಕೊಡ್ತೀವಮ್ಮ," ಎಂದುಬಿಟ್ಟ ಮ್ಯಾನೇಜರ್, ಫೋನಿಗೇ!

ಕಾಗದದಲ್ಲಿ 'ಯಥಾವಕಾಶ' ಹೊಡೆದುಹಾಕಿಸಿ 'ಸೋಮವಾರ' ಬರೆಸಿದ ಮೇಲೆಯೇ ಹೆಂಗಸರು ಅಲ್ಲಿಂದ ಕದಲಿದರು. 'ಯಥಾವಕಾಶ' ಎಂದರೆ 'ನಮಗೆ ಪುರುಸೊತ್ತಾದಾಗ' ಎಂದು ಗಂಟಲಣ್ಣನಿಗೆ ನೆನಪಾಗಿದ್ದು ಮನೆಗೆ ಬರುವ ದಾರಿಯಲ್ಲಿ.

ಮನೆಗೆ ಬಂದವನೇ ಹೆಂಡತಿಗೆ 'ಯಥಾವಕಾಶ'ದ ಕಥೆಯೆಲ್ಲ ಹೇಳಿ ಗುಡುಗಿದ: "ಆ ಪುಸ್ತಕ ಬರೆದವನ ಮನೆ ಮುಂದೆ ಧರಣಿ ಕೂರ್ತೀನಿ! ಮೋಸಗಾರ!"

ಹೆಂಡತಿ ಪುಸ್ತಕ ತಿರುವಿದಳು. "'ಚೆನ್ನಾಗಿ ಗೊತ್ತಿರುವ ಮನೆ' ಅಂತ ದಪ್ಪ ಅಕ್ಷರದಲ್ಲೇ ಬರೆದಿದ್ದಾನೆ, ಪಾಪ. ನೀವು ಈ ಮನೆ ಯಾಕ್ರೀ ಆರಿಸ್ಕೊಂಡ್ರಿ?"

ಡಿಪೋ ನಡುಗಿಸುವ ಗಂಟಲು ಮೆತ್ತಗಾಯಿತು. ಟೀ ಮಾಡಲೆಂದು ತಾನೇ ಅಡುಗೆಮನೆಗೆ ಹೋದ. ಒಳಗಿನಿಂದ ಸಣ್ಣ ದನಿ ಬಂತು: "ಸಕ್ಕರೆ ಎಲ್ಲಿದೆ ಕಣೇ?"

"ಹುಡುಕ್ತಿರಿ," ಎಂದಳು ಅವಳು, ಅವನ ಕುರ್ಚಿಯಲ್ಲಿ ಕಾಲು ಚಾಚಿ, "ಯಥಾವಕಾಶ ಹೇಳ್ತೀನಿ!"