ಹೂಂಗುಟ್ಟುವ ಉದ್ಯೋಗ

ಮನಸ್ಸಿನ ಭಾರ ಹೊತ್ತು ಬಂದವರ ಮಾತು ಕೇಳುವುದು ನನ್ನ ವೃತ್ತಿ. ಮಂಡ್ಯದ ಗುತ್ತಲಿನಲ್ಲಿ ಕೋಣೆ ತೆರೆದ ಮೇಲೆ, ಇಂಗ್ಲಿಷಿನಲ್ಲಿ ಕಲಿತು ಬಂದ ನನ್ನ ನಿಯಮಗಳಿಗೆ ಆಗಾಗ ಪೆಟ್ಟು ಬೀಳುತ್ತಲೇ ಇರುತ್ತದೆ. ಈ ಮೂರು ಪೆಟ್ಟು ಮಾತ್ರ ಒಂದೇ ದಂಪತಿಯಿಂದ ಬಿದ್ದವು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ನಿಯಮವೆಂದರೆ ನಿಯಮ.

೧. ಮೌನ

ಕೊಪ್ಪದ ಕಡೆಯ ಟ್ರ್ಯಾಕ್ಟರ್ ಮಾಲೀಕ. ಹೆಂಡತಿ ಮುನಿಸಿಕೊಂಡು ಬೆಳಕವಾಡಿಯ ತವರಿಗೆ ಹೋಗಿದ್ದಳು. ಅವಳು ವಾಪಸು ಬರಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಅವನನ್ನು ದಿವಾನದ ಮೇಲೆ ಮಲಗಿಸಿ, ನಿಯಮದಂತೆ ತಲೆಯ ಹಿಂದೆ ಕೂತೆ. ಮಾತು ಅವನದು, ಮೌನ ನನ್ನದು. ಸ್ವಲ್ಪ ಹೊತ್ತು ಹೇಳಿದವನು ಥಟ್ಟನೆ ನಿಲ್ಲಿಸಿಬಿಟ್ಟ.

"ಯಾಕೆ ನಿಲ್ಲಿಸಿದಿರಿ?"

"ಹೂಂ ಅನ್ನೋರೇ ಇಲ್ವಲ್ಲ ಸಾರ್. ಮಲೀಕಂಡ್ಬುಟ್ರೇನೋ, ಎಬ್ಬಿಸ್ಬಾರ್ದು ಅಂತ ಸುಮ್ಕಾದೆ."

೨. ಹೂಂ

ನಿಯಮ ಸಡಿಲಿಸಿದೆ. ಅವನು ಉಸಿರೆಳೆದುಕೊಂಡಾಗಲೆಲ್ಲ ಒಂದು ಹೂಂ. ಮಾತು ನಾಲೆಗೆ ನೀರು ಬಿಟ್ಟ ಹಾಗೆ ಹರಿಯಿತು. ಮರುವಾರ ಮುಖ ಊದಿಸಿಕೊಂಡು ಬಂದ.

"ನೀವು ಯೋಳ್ದಂಗೇ ಬೆಳಕವಾಡಿಗೆ ಓಗಿ, ತಪ್ಪೆಲ್ಲ ನಿಂದೇ ಕಣಮ್ಮಿ ಅಂದ್ಬುಟ್ಟೆ ಸಾರ್. ಬಾಗ್ಲಾಕ್ಕಂಡ್ಲು."

"ನಾನೆಲ್ಲಿ ಹಾಗೆ ಹೇಳಿದೆ?"

"ತಪ್ಪೆಲ್ಲ ಅವಳ್ದೇ ಅಲ್ವಾ ಅಂತ ಕೇಳ್ದೆ. ಹೂಂ ಅಂದ್ರಿ."

ಆ ಹೂಂ ಎಂದರೆ 'ಕೇಳಿಸಿಕೊಳ್ಳುತ್ತಿದ್ದೇನೆ' ಎಂದಷ್ಟೇ, ಒಪ್ಪಿಗೆಯಲ್ಲ ಎಂದು ವಿವರಿಸಿದೆ.

"ಅದ್ನ ಅವಳ್ ಮುಂದೆ ಬಂದು ಯೋಳಿ ಸಾರ್. ಬಾಗ್ಲು ತೆಗುದ್ರೆ."

೩. ಪರಾನುಭೂತಿ

ಕೊನೆಗೆ ನಾನೇ ಆಕೆಗೆ ಫೋನು ಮಾಡಿ, ಒಮ್ಮೆ ಬನ್ನಿ ಎಂದು ಕೇಳಿಕೊಂಡೆ. "ಆ ಹೂಂ ಅಂದೋರ್ ಮುಖ ನೋಡ್ಬೇಕು" ಎಂದೇ ಆಕೆ ಬಂದಳು. ಇವತ್ತು ಕೆಟ್ಟರೆ ಸಂಸಾರವೇ ಕೆಟ್ಟಿತು ಎಂದು ಗಂಡ ಬೆವರುತ್ತ ಕೂತಿದ್ದ.

ಪರಾನುಭೂತಿಯ ನಿಯಮ ಸ್ಪಷ್ಟ. ಬಂದವರ ನೋವು ನಮಗೆ ತಟ್ಟಬೇಕು; ನಮ್ಮ ಮನೆಯ ನೋವು ಅದರಲ್ಲಿ ಬೆರೆಯಬಾರದು.

"ಸಂಜೆ ಮನೆಗೆ ಬತ್ತಾರೆ. ಏನ್ ಯೋಳಿದ್ರೂ ಗೋಡೆಗೆ ಯೋಳ್ದಂಗೆ. ಉಂಡು ಮಲೀಕತ್ತಾರೆ" ಎಂದಳು.

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ನೋಡಮ್ಮ, ದಿನವೆಲ್ಲ ಕೇಳಿ ಕೇಳಿ ಸುಸ್ತಾಗಿ ಬಂದಿರ್ತೀವಿ. ಬಾಗಿಲಲ್ಲೇ ಶುರು ಮಾಡಿದರೆ ಎಲ್ಲಿಂದ ಹೂಂ ಅನ್ನೋಣ? ಅದಕ್ಕೆ ಮಾತು ಬಿಡೋದಾ? ಸಾರಿಗೆ ಉಪ್ಪು ಹಾಕದೆ ಬಡಿಸೋದಾ?"



"ನಾನು ಉಪ್ಪು ಆಕ್ತೀನಿ ಸಾರ್" ಎಂದಳು ಆಕೆ, ಮೆಲ್ಲಗೆ.

"ಆಕ್ತಾಳೆ ಸಾರ್" ಎಂದ ಗಂಡ.

ಆಕೆ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗು ಸರಿಮಾಡಿಕೊಂಡು ಗಂಡನ ಕಡೆ ತಿರುಗಿದಳು.

"ಏಳಿ, ಮನೆಗೋಗವಾ. ಇವ್ರಿಗಿಂತ ನೀವೇ ವಾಸಿ."